ಪೂರೈಕೆದಾರರ ಅಪಾಯ

ಕಚ್ಚಾವಸ್ತು, ಬಿಡಿಭಾಗ ಅಥವಾ ಸೇವೆಗಾಗಿ ನೆಚ್ಚಿಕೊಂಡ ಹೊರಗಿನ ಸಂಸ್ಥೆ ಕೈಕೊಟ್ಟರೆ ಉದ್ಯಮದ ಕೆಲಸವೂ ನಿಲ್ಲುವ ಸಾಧ್ಯತೆ. ಇಂಥ ಆಘಾತದ ನಡುವೆಯೂ ಮುಖ್ಯ ಕೆಲಸಗಳನ್ನು ನಡೆಸಿಕೊಂಡು ಹೋಗುವ ಸಾಮರ್ಥ್ಯವೇ ಕಾರ್ಯಾಚರಣೆಯ ತಾಳಿಕೆ.

ಸ್ವರೂಪ

ಬೆಂಕಿ, ಪ್ರವಾಹ, ದಿವಾಳಿ, ಮುಷ್ಕರ, ಸೈಬರ್ ದಾಳಿ ಸಾಮಾನ್ಯ ಕಾರಣಗಳು. ಒಂದು ಭಾಗದ ಬೆಲೆಗೂ ಅದು ಸಿಗದಿದ್ದಾಗ ಆಗುವ ನಷ್ಟಕ್ಕೂ ತಾಳೆ ಇರಬೇಕಿಲ್ಲ. ಖರೀದಿ ಮೊತ್ತವನ್ನಷ್ಟೇ ನೋಡಿ ಪೂರೈಕೆದಾರರನ್ನು ವಿಂಗಡಿಸುವವರಿಗೆ ಇದು ಕಾಣುವುದಿಲ್ಲ.

ಐಸಿನ್ ಬೆಂಕಿ, 1997

1997ರ ಫೆಬ್ರುವರಿ 1ರ ನಸುಕಿನಲ್ಲಿ ಜಪಾನಿನ ಐಚಿ ಪ್ರಾಂತ್ಯದ ಕರಿಯಾದಲ್ಲಿದ್ದ ಐಸಿನ್ ಸೈಕಿ ಕಾರ್ಖಾನೆ ಸುಟ್ಟುಹೋಯಿತು. ಟೊಯೋಟ ಕಾರುಗಳ ಪಿ-ವಾಲ್ವ್‌ಗಳು ಹೆಚ್ಚುಕಡಿಮೆ ಎಲ್ಲವೂ ಇಲ್ಲಿಂದಲೇ ಬರುತ್ತಿದ್ದವು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಅವು ಸಿಕ್ಕಿಕೊಂಡು ಜಾರದಂತೆ ಹಿಂಬದಿಯ ಬ್ರೇಕ್‌ಗೆ ಹೋಗುವ ದ್ರವದ ಒತ್ತಡವನ್ನು ಈ ವಾಲ್ವ್ ಮಿತಿಯಲ್ಲಿಡುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ಅಲ್ಪ. ಆದರೆ ಅದರ ರಂಧ್ರಗಳನ್ನು ಬಹು ನಿಖರವಾಗಿ ಕೊರೆಯಬೇಕು. ಅದಕ್ಕೆಂದೇ ಮಾಡಿದ ಯಂತ್ರಗಳೂ ಬೆಂಕಿಗೆ ಆಹುತಿಯಾಗಿದ್ದವು.

ದಾಸ್ತಾನನ್ನು ಕನಿಷ್ಠಕ್ಕಿಳಿಸಿದ್ದ ಟೊಯೋಟದ ಜಪಾನಿನ ಬಹುತೇಕ ಜೋಡಣಾ ಸಾಲುಗಳು ಕೆಲವೇ ದಿನಗಳಲ್ಲಿ ನಿಂತವು. ಐಸಿನ್ ತನ್ನ ನಕ್ಷೆಗಳನ್ನು ಕೇಳಿದವರಿಗೆಲ್ಲ ಕಳಿಸಿತು. ಸುಮಾರು 200 ಸಂಸ್ಥೆಗಳು ನೇರವಾಗಿಯೋ ಪರೋಕ್ಷವಾಗಿಯೋ ಕೈಜೋಡಿಸಿದವು. ಹೊಲಿಗೆಯಂತ್ರಕ್ಕೆ ಹೆಸರಾದ ಬ್ರದರ್ ಕೂಡ ಅವುಗಳಲ್ಲಿತ್ತು. ದರದ ಚೌಕಾಸಿಗೆ ಯಾರೂ ಕಾಯಲಿಲ್ಲ. ಸಾಮಾನ್ಯ ಯಂತ್ರಗಳಲ್ಲಿ ನಿಧಾನವಾಗಿಯೇ ಆದರೂ ವಾಲ್ವ್‌ಗಳು ತಯಾರಾಗಿ, ಒಂದು ವಾರದ ಆಸುಪಾಸಿನಲ್ಲಿ ಉತ್ಪಾದನೆ ಬಹುಮಟ್ಟಿಗೆ ಹಳಿಗೆ ಬಂತು. ತಾಂತ್ರಿಕ ತಿಳಿವಳಿಕೆಯನ್ನು ವರ್ಷಗಳಿಂದ ಹಂಚಿಕೊಂಡ ಬಾಂಧವ್ಯವೇ ಈ ವೇಗಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ಕರಾರುಪತ್ರದಿಂದಷ್ಟೇ ಇಂಥ ನೆರವು ಒದಗುವುದು ಕಷ್ಟ.

ನಂತರದ ಬೆಳವಣಿಗೆ

2011ರಲ್ಲಿ ಜಪಾನಿನಲ್ಲಾದ ಭೂಕಂಪದಲ್ಲಿ, ಕಾರುಗಳಿಗೂ ಚಿಪ್ ಒದಗಿಸುತ್ತಿದ್ದ ರೆನೆಸಾಸ್ ಕಂಪನಿಯ ನಾಕಾ ಘಟಕ ಹಾನಿಗೊಂಡಿತು. ಮೊದಲ ಹಂತದ ಪೂರೈಕೆದಾರರು ಇಬ್ಬರಿದ್ದರೂ ಅವರಿಬ್ಬರ ಹಿಂದೆ ಒಂದೇ ಮೂಲವಿದ್ದರೆ ಆಸರೆ ಇಲ್ಲದಂತೆಯೇ ಎಂಬುದು ಆಗ ಸ್ಪಷ್ಟವಾಯಿತು. ಕೆಳಹಂತದ ಪೂರೈಕೆದಾರರ ವಿವರಗಳನ್ನೂ ಟೊಯೋಟ ಕಲೆಹಾಕತೊಡಗಿತು.

ನಿಯಂತ್ರಣ

ವ್ಯಾಪಾರದ ನಿರಂತರತೆಗೆ ಐಎಸ್‌ಒ 22301 ಮಾನದಂಡ 2012ರಲ್ಲಿ ಬಂತು. ಹಣಕಾಸು ಸಂಸ್ಥೆಗಳಿಗೆ ಭಾರತೀಯ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗದರ್ಶಿ, ಹೊರಗಿನ ಸೇವಾದಾರರ ಮೇಲಿನ ಅವಲಂಬನೆಯನ್ನು ತಾಳಿಕೆಯ ಭಾಗವಾಗಿಯೇ ಪರಿಗಣಿಸುತ್ತದೆ.