ಎರಡು ತಾರೀಖುಗಳನ್ನು ಕೂಡಿಸಬಹುದೇ?

ಕಾರ್ಕ್‌ನಲ್ಲಿ ಓದುವ ನಮ್ಮ ಮಕ್ಕಳಿಗೆ ಯೂನಿವರ್ಸಿಟಿಯ ಬೂಲ್ ಲೈಬ್ರರಿ ಚೆನ್ನಾಗಿ ಗೊತ್ತು. ಆ ಬೂಲ್ ಯಾರೆಂದು ಕೇಳಿದರೆ, ಕಂಪ್ಯೂಟರ್ ಓದುವವರು ‘ಟ್ರೂ, ಫಾಲ್ಸ್’ ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಾರೆ.

ಜಾರ್ಜ್ ಬೂಲ್ 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ಬೂಟು ಹೊಲಿಯುವವರೊಬ್ಬರ ಮಗನಾಗಿ ಹುಟ್ಟಿದರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ 1849ರಲ್ಲಿ ಇಲ್ಲಿನ ಕ್ವೀನ್ಸ್ ಕಾಲೇಜಿಗೆ, ಅಂದರೆ ಇಂದಿನ ಯೂನಿವರ್ಸಿಟಿಗೆ, ಮೊದಲ ಗಣಿತ ಪ್ರಾಧ್ಯಾಪಕರಾದರು. (ಈಗಿನ ಸಮಿತಿಗಳಾದರೆ ಅವರ ಅರ್ಜಿಯನ್ನೇ ಬಿಚ್ಚುತ್ತಿರಲಿಲ್ಲ!) ಆಲೋಚನೆಯ ನಿಯಮಗಳನ್ನು ಬೀಜಗಣಿತಕ್ಕೆ ಇಳಿಸಿದ ಅವರ ಗ್ರಂಥ 1854ರಲ್ಲಿ ಹೊರಬಂತು.

ಅದರಲ್ಲಿ ಅಕ್ಷರಗಳು ನಿಲ್ಲುವುದು ಗುಂಪುಗಳಿಗೆ. ವೈದ್ಯರ ಗುಂಪು, ಕನ್ನಡಿಗರ ಗುಂಪು ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಬಹುದೇ? ಎರಡಕ್ಕೂ ಸೇರಿದವರು ಒಬ್ಬರೂ ಇಲ್ಲದಿದ್ದರೆ ಮಾತ್ರ ಆ ಮೊತ್ತಕ್ಕೆ ಅರ್ಥ ಎಂದರು ಬೂಲ್. ನನ್ನಂಥವನೊಬ್ಬ ನಡುವೆ ಸಿಕ್ಕಿದರೆ ಕೆಟ್ಟಿತು! ಒಂದು ಗುಂಪಿಗೆ ಅದನ್ನೇ ಕೂಡಿಸಿದರೆ ಅದೇ ಗುಂಪು ತಾನೆ ಎಂದು ಜೆವನ್ಸ್ ಎಂಬ ತರುಣ ವಿದ್ವಾಂಸ 1863ರಲ್ಲಿ ಪತ್ರ ಬರೆದು ವಾದಿಸಿದ. ಬೂಲ್ ಒಪ್ಪಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ, ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ಪಾಠ ಮಾಡಿದ ಮೇಲೆ ನ್ಯುಮೋನಿಯಾ ತಗುಲಿ, 49ನೇ ವಯಸ್ಸಿಗೇ ತೀರಿಕೊಂಡರು. ಆಮೇಲೆ ಬಂದವರು ಜೆವನ್ಸ್ ದಾರಿ ಹಿಡಿದರು. ಆದರೂ ಲೆಕ್ಕಕ್ಕೆ ಅರ್ಥವಿದೆಯೇ ಎಂದು ಕೇಳುವ ಬೂಲರ ಚಾಳಿ ನನಗೆ ಬಹಳ ಹಿಡಿಸುತ್ತದೆ. ನಡುವಿನ ಹೆಜ್ಜೆಗಳಲ್ಲಿ ಅರ್ಥವಿಲ್ಲದ ಮೊತ್ತ ಬಂದರೆ ಅವರು ಸಹಿಸುತ್ತಿದ್ದರು. ಕೊನೆಯ ಉತ್ತರಕ್ಕೆ ಅರ್ಥವಿದ್ದರೆ ಸಾಕಿತ್ತು.

ಕಂಪೈಲರ್ ಅಷ್ಟು ಉದಾರಿಯಲ್ಲ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗಲೇ ಅದು ಪ್ರತಿ ವಸ್ತುವಿನ ‘ಟೈಪ್’, ಅಂದರೆ ಅದು ಯಾವ ಬಗೆಯದು ಎಂದು ನೋಡುತ್ತದೆ. 1960ರ ಆಲ್ಗಾಲ್ ಭಾಷೆಯಲ್ಲಿ ‘ಬೂಲಿಯನ್’ ಹೆಸರಿನ ಟೈಪೇ ಇತ್ತು. ಸಿ ಪ್ಲಸ್ ಪ್ಲಸ್ ಭಾಷೆಯ ಜೊತೆಗೆ ಬರುವ ಸ್ಟ್ಯಾಂಡರ್ಡ್ ಲೈಬ್ರರಿಗೆ 2011ರಲ್ಲಿ ‘ಕ್ರೋನೋ’ ಎಂಬ ಕಾಲಗಣನೆಯ ಭಾಗ ಸೇರಿತು. ಒಂದು ತಾರೀಖಿನಿಂದ ಇನ್ನೊಂದನ್ನು ಕಳೆಯಿರಿ, ಅವಧಿ ಸಿಗುತ್ತದೆ. ಯುಗಾದಿಗೆ ದೀಪಾವಳಿಯನ್ನು ಕೂಡಿಸಿದರೆ ಏನು ಸಿಗುತ್ತದೆ? ಏನೂ ಇಲ್ಲ. ಕಂಪೈಲರ್ ಅಲ್ಲೇ ತಡೆಯುತ್ತದೆ. ಸೆಕೆಂಡನ್ನು ಮಿಲಿಸೆಕೆಂಡ್ ಮಾಡಲು ಬಿಡುತ್ತದೆ. ಪೂರ್ಣಾಂಕಗಳಲ್ಲಿ ಅದನ್ನೇ ಹಿಂದಕ್ಕೆ ತಿರುಗಿಸಿದರೆ ಚಿಲ್ಲರೆ ಕಳೆದುಹೋಗುತ್ತದಲ್ಲ, ಆದ್ದರಿಂದ ಬಾಯಿಬಿಟ್ಟು ಕೇಳಿದರೆ ಮಾತ್ರ ಸಮ್ಮತಿ.

ನಮ್ಮ ವೃತ್ತಿಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ರಕ್ತದ ಗುಂಪು ನೋಡುವುದು ಕೊಡುವ ಮೊದಲು, ಕೊಟ್ಟಮೇಲಲ್ಲ. ಮಿಲಿಗ್ರಾಂಗೂ ಮೈಕ್ರೋಗ್ರಾಂಗೂ ಇರುವ ಸಾವಿರ ಪಟ್ಟಿನ ಅಂತರ ಯಾವ ವಾರ್ಡಿನಲ್ಲೂ ತಮಾಷೆಯಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಕೈತಪ್ಪಿದ್ದು ಇಂಥದ್ದರಿಂದಲೇ. ಒಂದು ಪ್ರೋಗ್ರಾಮ್ ಪೌಂಡ್ ಲೆಕ್ಕದಲ್ಲಿ ಬರೆದಿತ್ತು, ಇನ್ನೊಂದು ನ್ಯೂಟನ್ ಎಂದುಕೊಂಡು ಓದಿತು, ಸುಮಾರು 4.45 ಪಟ್ಟು ವ್ಯತ್ಯಾಸ. ಫೈಲಿನಲ್ಲಿ ಬರೀ ಅಂಕಿ ಪ್ರಯಾಣ ಮಾಡಿತ್ತು, ಮಾನ ಹಿಂದೆ ಉಳಿದಿತ್ತು. ಅಂಥಲ್ಲಿ ಕಂಪೈಲರಿಗೂ ಏನೂ ಕಾಣುವುದಿಲ್ಲ.

ತಪ್ಪು ಕಂಡಾಗ ಅದು ಹೇಳುವ ರೀತಿ ಮಾತ್ರ ದೇವರಿಗೇ ಪ್ರೀತಿ! ನಾವು ತಪ್ಪಿದ್ದು ಒಂದು ಸಾಲಿನಲ್ಲಾದರೆ, ದೂರು ಬರುವುದು ಲೈಬ್ರರಿಯ ಹೊಟ್ಟೆಯೊಳಗಿಂದ, ಪುಟಗಟ್ಟಲೆ. ಇದಕ್ಕೆ ಮದ್ದಾಗಿ 2020ರ ಆವೃತ್ತಿಯಲ್ಲಿ ‘ಕಾನ್ಸೆಪ್ಟ್’ಗಳು ಬಂದವು: ಲೈಬ್ರರಿ ತನ್ನ ಷರತ್ತನ್ನು ಬಾಗಿಲಲ್ಲೇ ಹೇಳುತ್ತದೆ, ಉತ್ತರ ಟ್ರೂ ಅಥವಾ ಫಾಲ್ಸ್. ಹೀಗೆ ಬೂಲರ ಹೆಸರು ಮತ್ತೆ ಅಲ್ಲಿಗೇ ಬಂತು. ದೂರುಗಳು ಕೊಂಚ ಮೊಟಕಾಗಿವೆ ಎನ್ನುತ್ತಾರೆ ಮಕ್ಕಳು, ಕೊಂಚ ಮಾತ್ರವಂತೆ.