ಹೆರಿಗೆಯ ನೋವು: ಒಂದು ಹಳೆಯ ಶಂಕೆ

ಹರಿಹರದ ಆರೋಗ್ಯ ಮಾತೆಯ ಸನ್ನಿಧಿಯಲ್ಲಿ ಸುಖಪ್ರಸವವನ್ನು ಬೇಡಿ ದಾವಣಗೆರೆಯ ಆಸ್ಪತ್ರೆಗೆ ಹೊರಟ ಬಸುರಿಯೊಬ್ಬಳು, ನೋವು ತಗ್ಗಿಸಲು ಸೂಜಿಚಿಕಿತ್ಸೆ ಪಡೆದರೆ ತಪ್ಪೇ ಎಂದು ಕೇಳಿದರೆ ಗುರುಗಳಾದ ನಾವು ಏನೆನ್ನಬೇಕು?

ಶಂಕೆ ಹಳೆಯದು. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದರು. ಆದಿಕಾಂಡ 3:16ನ್ನು ಮುಂದಿಟ್ಟ ಧಾರ್ಮಿಕ ಆಕ್ಷೇಪಗಳಿಗೆ ಅದೇ ವರ್ಷ ಕಿರುಹೊತ್ತಗೆಯೊಂದರಲ್ಲಿ ಉತ್ತರವಿತ್ತರು. ಮೂಲ ಹೀಬ್ರೂವಿನಲ್ಲಿ ಹವ್ವಳ ವೇದನೆಗೂ ಮರುವಚನದ ಆದಾಮನ ದುಡಿಮೆಗೂ ‘ಇಟ್ಸಾವೋನ್’ ಎಂಬ ಒಂದೇ ಪದವಿದೆ. ಭದ್ರಾ ನಾಲೆಯ ಬಯಲಿನಲ್ಲಿ ಟ್ರ್ಯಾಕ್ಟರ್ ಹೂಡಿದ ರೈತನನ್ನು ಯಾವ ಗುರುವೂ ತಡೆದದ್ದನ್ನು ನಾವು ಕಂಡಿಲ್ಲ. ಹೆಂಗಸರ ಪಾಲಿನ ವಚನವನ್ನು ಮಾತ್ರ ಅಕ್ಷರಶಃ ಓದಿದೆವು!

1956ರ ಜನವರಿ 8ರಂದು ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ವೈದ್ಯರನ್ನುದ್ದೇಶಿಸಿ, ಈ ವಚನವು ಹೆರಿಗೆಯ ನೋವಿನ ಶಮನವನ್ನು ನಿಷೇಧಿಸುವುದಿಲ್ಲವೆಂದರು. ಅಂದು ಚರ್ಚೆಯಲ್ಲಿದ್ದ ವಿಧಾನ ಸೋವಿಯತ್ ರಷ್ಯದಲ್ಲಿ ಪಾವ್ಲೋವನ ಸಿದ್ಧಾಂತದಿಂದ ಬೆಳೆದದ್ದು. ಆದರೂ ಸಂಶೋಧಕನ ತತ್ತ್ವದೃಷ್ಟಿಯಿಂದ ಆವಿಷ್ಕಾರದ ಬೆಲೆಯನ್ನು ಅಳೆಯಲಾಗದೆಂದು ಅವರು ಸ್ಪಷ್ಟಪಡಿಸಿದರು. ಚೀನಾದ ಸೂಜಿಗೂ ಇದೇ ಅಳತೆ ಸಲ್ಲಬೇಕು. ಅದು ನೋವನ್ನು ಎಷ್ಟು ತಗ್ಗಿಸುತ್ತದೆಂಬುದು ಮಾತ್ರ ವೈದ್ಯರಲ್ಲಿ ಇನ್ನೂ ಚರ್ಚೆಯಲ್ಲಿದೆ. ಅದರ ತೀರ್ಮಾನ ಅವರಿಗೇ ಸೇರಿದ್ದು. ಸ್ವಯಿಚ್ಛೆಯಿಂದ ನೋವನ್ನು ಸಹಿಸುವ ತಾಯಿಗೂ ಜಗದ್ಗುರುಗಳು ಅಡ್ಡಿ ಹೇಳಲಿಲ್ಲ.