ಜೊಯಾಂಥಿಡ್ ಸಮೂಹಗಳಿಗೆ ಆಹಾರ ನೀಡಿಕೆ: ಮನೆಯ ಹವಳ ತೊಟ್ಟಿಯ ಇತಿಹಾಸ

ಜೊಯಾಂಥಿಡ್‌ಗಳು ಕುಟುಕುಕಣವಂತ ವಂಶಕ್ಕೆ ಸೇರಿದ, ಸುಣ್ಣದ ಅಸ್ಥಿಪಂಜರವಿಲ್ಲದ ಕಡಲಜೀವಿಗಳು. ಗುಂಡನೆಯ ತಟ್ಟೆ, ಅದರ ನಡುವೆ ಬಾಯಿ, ಅಂಚಿನಲ್ಲಿ ಎರಡು ಸುತ್ತು ಕರಬಳ್ಳಿಗಳು, ಅಂದರೆ ಬೇಟೆ ಹಿಡಿಯುವ ಮೃದುವಾದ ಎಳೆಗಳು, ಇರುವ ಒಂದೊಂದು ಘಟಕವನ್ನೂ ಪಾಲಿಪ್ ಎನ್ನುತ್ತಾರೆ. ಬುಡದಲ್ಲಿ ಹಾಸಿನಂತೆ ಹರಡಿದ ಅಂಗಾಂಶದಿಂದಲೋ ಬಳ್ಳಿಯಂಥ ಕವಲುಗಳಿಂದಲೋ ಪಾಲಿಪ್‌ಗಳು ಕೂಡಿಕೊಂಡು ಸಮೂಹವಾಗುತ್ತವೆ. ನಿಜವಾದ ಕಲ್ಲುಹವಳಗಳಲ್ಲದಿದ್ದರೂ ಮನೆಯ ಹವಳ ತೊಟ್ಟಿಗಳಲ್ಲಿ ಇವನ್ನು ಹವಳಗಳೊಂದಿಗೇ ಸಾಕುವುದು ರೂಢಿ. ಇವಕ್ಕೆ ಹೊರಗಿನಿಂದ ಆಹಾರ ಕೊಡಬೇಕೆ, ಅಥವಾ ಮೈಯೊಳಗಿನ ಪಾಚಿ ಬೆಳಕಿನಿಂದ ತಯಾರಿಸುವ ಸಕ್ಕರೆಯೇ ಸಾಕೆ ಎಂಬ ವಿಚಾರದಲ್ಲಿ ಹವ್ಯಾಸಿಗಳ ಕೈಪಿಡಿಗಳು ದಶಕಗಳ ಕಾಲ ಒಂದಕ್ಕೊಂದು ವಿರುದ್ಧವಾದ ಸಲಹೆಗಳನ್ನು ಕೊಟ್ಟಿವೆ. ಒಂದು ಕುಲದ ಮೇಲೆ ನಡೆದ ಪರೀಕ್ಷೆಯ ಫಲವನ್ನು ಎಲ್ಲ ಪಾಲಿಪ್‌ಗಳಿಗೂ ಅನ್ವಯಿಸಿದ್ದು ಈ ಗೊಂದಲದ ಮುಖ್ಯ ಕಾರಣ.

ಹವಳ ಪ್ರಾಣಿಯೇ ಹೊರತು ಸಸ್ಯವಲ್ಲವೆಂದು ಫ್ರಾನ್ಸಿನ ಜಾನ್ ಆಂದ್ರೆ ಪೇಸೊನೆಲ್ 1720ರ ದಶಕದಲ್ಲಿ ಸಾಧಿಸಿದ್ದನು. ಇಂದು ಜೊಯಾಂಥಸ್ ಸೋಷಿಯೇಟಸ್ ಎಂದು ಕರೆಯಲಾಗುವ ಕೆರಿಬಿಯನ್ ಜೀವಿಯನ್ನು ಜಾನ್ ಎಲಿಸ್ 1768ರಲ್ಲಿ ವರ್ಣಿಸಿದನು. ಮನೆಯೊಳಗೆ ಹವಳ ಸಾಕುವ ಪ್ರಯತ್ನ 1846ರಷ್ಟು ಹಿಂದಿನದು. ಆ ವರ್ಷ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಹವಳಗಳನ್ನು ಲಂಡನ್ನಿಗೆ ತಂದು, ಕಡಲನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸಿ ಗಾಳಿಯಾಡಿಸುತ್ತ ಉಳಿಸಿಕೊಂಡಳು. ಫಿಲಿಪ್ ಹೆನ್ರಿ ಗಾಸ್ 1860ರಲ್ಲಿ ಪೂರ್ಣಗೊಳಿಸಿದ ಬ್ರಿಟಿಷ್ ಕಡಲಹೂಗಳ ಗ್ರಂಥದಲ್ಲಿ ‘ಜೊಯಾಂಥಸ್’ ಹೆಸರಿನ ಒಂದು ಜಾತಿಯೂ ಇದೆ. ಆದರೆ ಅದು ಈಗ ಎಪಿಜೊಯಾಂಥಸ್ ಕುಲಕ್ಕೆ ಸೇರಿದ, ತಣ್ಣೀರಿನಲ್ಲಿ ಪಾಚಿಯ ನೆರವಿಲ್ಲದೆ ಬದುಕುವ ಜೀವಿಯಾದುದರಿಂದ, ಅದಕ್ಕೆ ಅನಿವಾರ್ಯವಾದ ಬೇಟೆಯನ್ನು ಉಷ್ಣವಲಯದ ಜೊಯಾಂಥಸ್‌ನ ಆಹಾರಕ್ರಮಕ್ಕೆ ಪ್ರಮಾಣವಾಗಿ ಎತ್ತಿಕೊಳ್ಳುವುದು ಸಲ್ಲದು.

ಹವಳದ ಅಂಗಾಂಶದಲ್ಲಿ ನೆಲೆಸುವ ಕಂದು ಏಕಕೋಶ ಪಾಚಿಗಳಿಗೆ ಜೂಜಾಂಥೆಲ್ಲ ಎಂಬ ಹೆಸರು 1880ರ ದಶಕದಿಂದ ಬಳಕೆಯಲ್ಲಿದೆ. 1928-29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ಶೋಧಯಾತ್ರೆಯ ನಾಯಕ ಸಿ. ಎಂ. ಯಂಗ್, ಹವಳಗಳು ಪ್ರಾಣಿಪ್ಲವಕವನ್ನು, ಎಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು, ಹಿಡಿದು ತಿನ್ನುವ ಪರಿಣತ ಮಾಂಸಾಹಾರಿಗಳೆಂದೂ ಪಾಚಿಯ ಉಪಯೋಗ ಮುಖ್ಯವಾಗಿ ಮಲಿನ ದ್ರವ್ಯಗಳನ್ನು ಹೀರುವುದೆಂದೂ ವಾದಿಸಿದನು. ಓಡಮ್ ಸಹೋದರರು ಎನಿವೆಟಾಕ್ ಹವಳದ್ವೀಪದಲ್ಲಿ ಅಳತೆ ಮಾಡಿ, ಹರಿದುಬರುವ ಪ್ಲವಕ ಹವಳದಿಬ್ಬದ ಅಗತ್ಯಕ್ಕೆ ಸಾಲದೆಂದು 1955ರಲ್ಲಿ ಪ್ರಕಟಿಸಿದಾಗ ವಾದ ತಿರುಗಿಬಿತ್ತು.

ಜೊಯಾಂಥಿಡ್‌ಗಳ ಮಟ್ಟಿಗೆ ನಿರ್ಣಾಯಕವಾದದ್ದು 1968ರಿಂದ 1977ರವರೆಗಿನ ದಶಕ. ಹವ್ಯಾಸದ ಇತಿಹಾಸಗಳು ಇದನ್ನು ಬಹುಪಾಲು ಕಡೆಗಣಿಸಿರುವುದರಿಂದ ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿದೆ. 1968ರಲ್ಲಿ ವಾನ್ ಹೋಲ್ಟ್ ದ್ವಯರು ವಿಕಿರಣಶೀಲ ಇಂಗಾಲ-14ನ್ನು ಗುರುತಾಗಿ ಬಳಸಿ, ಪಾಚಿ ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ದ್ರವ್ಯಗಳು ಜೊಯಾಂಥಸ್‌ನ ಅಂಗಾಂಶಕ್ಕೆ ದಾಟುವುದನ್ನು ತೋರಿಸಿದರು. ಮರುವರ್ಷ ಲೆನಾರ್ಡ್ ಮಸ್ಕಟೀನ್ ಮತ್ತು ಎಲ್ಸಾ ಸೆರ್ನಿಕಿಯಾರಿ ಕಲ್ಲುಹವಳದಲ್ಲೂ ಇದೇ ಸಾಗಣೆಯನ್ನು ದೃಢಪಡಿಸಿದರು. ಇಷ್ಟರಿಂದಲೇ ಜೊಯಾಂಥಿಡ್‌ಗೆ ಬೆಳಕೇ ಸಾಕು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ 1971ರಲ್ಲಿ ಹವಾಯಿಯ ಎರಡು ಜೊಯಾಂಥಿಡ್ ಕುಲಗಳಾದ ಪ್ಯಾಲಿಥೊವ ಮತ್ತು ಜೊಯಾಂಥಸ್‌ಗಳ ಉಣ್ಣುವ ವರ್ತನೆಯನ್ನು ಪರೀಕ್ಷಿಸಿದ ಅಮಾಡಾ ರೈಮರ್, ಪ್ರೋಲೀನ್ ಎಂಬ ಅಮೈನೊ ಆಮ್ಲ ಹಾಗೂ ಗ್ಲುಟಾಥಯೋನ್ ಎಂಬ ಸಂಯುಕ್ತ ತಾಕಿದರೆ ಪ್ಯಾಲಿಥೊವ ಆಹಾರ ಸಿಕ್ಕಿತೆಂಬಂತೆ ಪ್ರತಿಕ್ರಿಯಿಸುತ್ತದೆಂದು ಕಂಡುಕೊಂಡರು. ಗಾಯಗೊಂಡ ಬೇಟೆಯ ದೇಹದಿಂದ ಒಸರುವ ರಸದಲ್ಲಿ ಇಂಥ ದ್ರವ್ಯಗಳಿರುತ್ತವೆ. ಹೈಡ್ರಾದಲ್ಲಿ ಗ್ಲುಟಾಥಯೋನ್‌ನ ಇಂಥದೇ ಪಾತ್ರವನ್ನು ಡಬ್ಲ್ಯೂ. ಎಫ್. ಲೂಮಿಸ್ 1955ರಲ್ಲಿಯೇ ಗುರುತಿಸಿದ್ದನು. ಬೇಟೆಯ ರಸವನ್ನು ಹೀಗೆ ಗುರುತಿಸುವ ಸಾಮರ್ಥ್ಯವುಳ್ಳ ಪ್ರಾಣಿಯನ್ನು ಬೆಳಕನ್ನಷ್ಟೇ ನೆಚ್ಚಿದ್ದೆಂದು ಹೇಳಲಾಗದು.

1974ರಲ್ಲಿ ರಾಬರ್ಟ್ ಟ್ರೆಂಚ್ ಜೊಯಾಂಥಸ್ ಸೋಷಿಯೇಟಸ್ ಕುರಿತು ಬರೆದ ದೀರ್ಘ ಪ್ರಬಂಧ ಈ ಎರಡು ನಿಲುವುಗಳ ನಡುವಿನ ಜಗಳವನ್ನು ಬೇರೆ ನೆಲೆಗೆ ಒಯ್ದಿತು. ಪಾಚಿ ಬಿಟ್ಟುಕೊಡುವ ದ್ರವ್ಯ, ಹಿಡಿದ ಕಣ, ನೀರಿನಲ್ಲಿ ಕರಗಿದ ಸಾವಯವ ವಸ್ತು ಎಂಬ ಹಲವು ದಾರಿಗಳನ್ನು ಆತ ಒಂದೇ ಪ್ರಾಣಿಯಲ್ಲಿ ಒಟ್ಟಿಗೆ ತೂಗಿ ನೋಡಿದನು. 1977ರಲ್ಲಿ ಕೆನೆತ್ ಸೆಬೆನ್ಸ್ ಹವಳದಿಬ್ಬದ ಜೊಯಾಂಥಿಡ್‌ಗಳ ಸ್ವಪೋಷಣೆಯನ್ನೂ ಪರಪೋಷಣೆಯನ್ನೂ ಜತೆಗಿಟ್ಟು ಪರಿಶೀಲಿಸಿದನು. ಬೆಳಕೋ ಬೇಟೆಯೋ ಎಂದು ಒಂದನ್ನೇ ಆರಿಸಿಕೊಳ್ಳಬೇಕಾದ ಪ್ರಶ್ನೆ ಇದಲ್ಲವೆಂಬುದು ವಿಜ್ಞಾನಿಗಳ ವಲಯದಲ್ಲಿ ಅಲ್ಲಿಗೆ ಸ್ಪಷ್ಟವಾಗಿತ್ತು. ಆದರೆ ತೊಟ್ಟಿ ಸಾಕುವವರಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತು.

ತಡವಾದದ್ದಕ್ಕೆ ನೀರು ಶುದ್ಧಮಾಡುವ ತಂತ್ರದ ಬೆಳವಣಿಗೆಯೇ ಕಾರಣವೆನ್ನಬೇಕು. ಇಂಡೊನೇಷ್ಯದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲಿ ಪ್ರಚುರಪಡಿಸಿದ ಪದ್ಧತಿಯಲ್ಲಿ ಲೈವ್ ರಾಕ್, ಅಂದರೆ ಕಡಲ ಜೀವಿಗಳು ಅಂಟಿಕೊಂಡಿರುವ ಕಲ್ಲು, ಮತ್ತು ಗಾಳಿಗುಳ್ಳೆಗಳಷ್ಟೇ ಇದ್ದವು. ತೊಟ್ಟಿಯಲ್ಲಿ ತೇಲುವ ಕಣಗಳು ಪಾಲಿಪ್‌ಗಳಿಗೆ ತಾವಾಗಿಯೇ ಸಿಗುತ್ತಿದ್ದವು. ಮುಂದೆ ಪೀಟರ್ ವಿಲ್ಕೆನ್ಸ್‌ನ ಬರಹಗಳು, ಡೀಟ್ರಿಚ್ ಸ್ಟ್ಯೂಬರ್‌ನ ಹೆಸರಿನೊಂದಿಗೆ ಗುರುತಿಸಲಾಗುವ ಬರ್ಲಿನ್ ಪದ್ಧತಿ, 1986ರಲ್ಲಿ ಅಮೆರಿಕದ ಹವ್ಯಾಸ ಪತ್ರಿಕೆಯಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆ ಇವು ಮನೆಯ ಹವಳ ತೊಟ್ಟಿಯನ್ನು ಜನಪ್ರಿಯಗೊಳಿಸಿದವು. ಬರ್ಲಿನ್ ಪದ್ಧತಿಯ ಮುಖ್ಯ ಉಪಕರಣ ಪ್ರೋಟೀನ್ ಸ್ಕಿಮ್ಮರ್. ಅದು ಗುಳ್ಳೆಗಳ ನೊರೆಯ ಮೂಲಕ ಕರಗಿದ ಸಾವಯವ ವಸ್ತುವನ್ನು ಹೊರತೆಗೆಯುತ್ತದೆ. ಟ್ರೆಂಚ್ ಗುರುತಿಸಿದ ಆಹಾರಮಾರ್ಗಗಳಲ್ಲಿ ಒಂದನ್ನು ಅದು ಹೀಗೆ ಕಿರಿದುಗೊಳಿಸಿತು. ಉಳಿದ ಆಹಾರ ಕೊಳೆತರೆ ನೈಟ್ರೇಟ್, ಫಾಸ್ಫೇಟ್ ಏರಿ ಬೇಡದ ಪಾಚಿ ಹಬ್ಬುತ್ತದೆಂಬ ನ್ಯಾಯವಾದ ಭಯದಿಂದ, ಉಣಿಸುವುದೇ ತಪ್ಪೆಂಬ ಭಾವನೆ ಬಲಿಯಿತು.

1990ರ ದಶಕದ ಕೊನೆಗೆ ತೂಕ ಮತ್ತೆ ಇನ್ನೊಂದು ಕಡೆ ವಾಲಿತು. ಜೆ. ಚಾರ್ಲ್ಸ್ ಡೆಲ್‌ಬೀಕ್ ಮತ್ತು ಜೂಲಿಯನ್ ಸ್ಪ್ರಂಗ್ ಅವರ ‘ದ ರೀಫ್ ಅಕ್ವೇರಿಯಂ’ ಗ್ರಂಥದ ಎರಡನೆಯ ಸಂಪುಟ (1997), ಎರಿಕ್ ಬೋರ್ನ್‌ಮನ್‌ನ ‘ಅಕ್ವೇರಿಯಂ ಕೋರಲ್ಸ್’ (2001) ಇವು ಪ್ರಯೋಗಾಲಯದ ತಿಳಿವನ್ನು ಹವ್ಯಾಸಿಗಳ ಕೈಗೆ ತಂದವು. ಆದರೂ ಸಲಹೆಗಳು ಕುಲಭೇದವನ್ನು ಗಮನಿಸಿದ್ದು ಕಡಿಮೆ. ಪ್ಯಾಲಿಥೊವದ ಕೆಲವು ಜಾತಿಗಳ ತಟ್ಟೆ 2 ಸೆಂ.ಮೀ. ದಾಟುತ್ತದೆ, ಸೀಗಡಿಯ ಚೂರು ತಾಕಿದೊಡನೆ ತಟ್ಟೆ ಮಡಚಿ ಅದನ್ನು ಒಳಗೆ ಸೆಳೆದುಕೊಳ್ಳುತ್ತದೆ. ಜೊಯಾಂಥಸ್‌ನ ಪಾಲಿಪ್ ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದು, ದೊಡ್ಡ ಚೂರನ್ನು ಹೆಚ್ಚಾಗಿ ಉಗುಳಿಬಿಡುತ್ತದೆ. ಅದಕ್ಕೆ 0.1ರಿಂದ 0.3 ಮಿ.ಮೀ. ಗಾತ್ರದ ರೋಟಿಫರ್‌ಗಳಂಥ ಸಣ್ಣ ಕಣ ಹೊಂದುತ್ತದೆ. ಆಗತಾನೆ ಮೊಟ್ಟೆಯೊಡೆದ, ಸುಮಾರು 0.5 ಮಿ.ಮೀ. ಉದ್ದದ ಆರ್ಟೀಮಿಯ ಮರಿಯೇ ಕೆಲವಕ್ಕೆ ದೊಡ್ಡದು. ಪಾಲಿಪ್ ಉಗುಳಿದ್ದನ್ನು ಕಂಡ ಹವ್ಯಾಸಿ ಜೊಯಾಂಥಿಡ್ ತಿನ್ನುವುದೇ ಇಲ್ಲವೆಂದೂ, ನುಂಗಿದ್ದನ್ನು ಕಂಡವನು ತಿನ್ನಿಸಲೇಬೇಕೆಂದೂ ಬರೆದಿದ್ದಾನೆ. ಇಬ್ಬರೂ ಕಂಡದ್ದು ನಿಜವೇ, ಕಂಡ ಪ್ರಾಣಿ ಮಾತ್ರ ಬೇರೆ. ಮೂರನೆಯ ಕುಲವೆಂದು ಬಹುಕಾಲ ಎಣಿಸಲಾಗಿದ್ದ ಪ್ರೋಟೊಪ್ಯಾಲಿಥೊವವನ್ನು ಜೇಮ್ಸ್ ಡೇವಿಸ್ ರೈಮರ್ ಮೊದಲಾದವರ ಅನುವಂಶಿಕ ಅಧ್ಯಯನಗಳ ನಂತರ ಪ್ಯಾಲಿಥೊವದಲ್ಲೇ ಸೇರಿಸಲಾಗಿದೆ. ಈ ರೈಮರ್ ಮತ್ತು 1971ರ ಅಮಾಡಾ ರೈಮರ್ ಬೇರೆಬೇರೆ ವಿದ್ವಾಂಸರು.

ಹೀಗೆ ರೂಢಿಗೆ ಬಂದ ವಿಧಾನದಲ್ಲಿ ನೀರಿನ ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮೊದಲು ಆಹಾರದ ರಸವನ್ನಷ್ಟೇ ಬಿಟ್ಟು ಪಾಲಿಪ್‌ಗಳ ಬಾಯಿ ತೆರೆಯುವಂತೆ ಮಾಡಿ, ಆಮೇಲೆ ಪಿಪೆಟ್‌ನಿಂದ ಸಣ್ಣ ಕಣಗಳನ್ನು ಸಮೂಹದ ಮೇಲೆ ಹಗುರವಾಗಿ ಹರಡಲಾಗುತ್ತದೆ. ಸಮೂಹದ ಪಾಲಿಪ್‌ಗಳು ಒಳಗಿಂದೊಳಗೆ ಕೂಡಿಕೊಂಡಿರುವುದರಿಂದ ಪ್ರತಿಯೊಂದರ ಬಾಯಿಗೂ ಆಹಾರ ಬೀಳಲೇಬೇಕೆಂದಿಲ್ಲ.

ಇತ್ತೀಚಿನ ಸಂಶೋಧನೆ ‘ಶುದ್ಧ ನೀರು’ ಎಂಬ ಆದರ್ಶವನ್ನೇ ಪ್ರಶ್ನಿಸಿದೆ. ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಫಾಸ್ಫೇಟ್ ಕೊರತೆ ಪಾಚಿಯನ್ನು ದುರ್ಬಲಗೊಳಿಸಿ ಹವಳ ಬಿಳಿಚಿಕೊಳ್ಳುವ ಅಪಾಯ ಹೆಚ್ಚಿಸುತ್ತದೆಂದೂ, 2023ರಲ್ಲಿ ಹವಳಗಳು ತಮ್ಮೊಳಗೆ ಬೆಳೆದ ಹೆಚ್ಚುವರಿ ಪಾಚಿಯನ್ನೇ ಜೀರ್ಣಿಸಿಕೊಂಡು ಸಾರಜನಕ, ರಂಜಕಗಳನ್ನು ಪಡೆಯುತ್ತವೆಂದೂ ತೋರಿಸಿದರು. ನೀರಿನಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್‌ಗಳೂ ಪಾಚಿಯ ಮೂಲಕ ಪ್ರಾಣಿಯ ಆಹಾರವಾಗುತ್ತವೆಂಬುದು ಇದರ ಅರ್ಥ. ಈ ಪ್ರಯೋಗಗಳ ವಸ್ತು ದಿಬ್ಬ ಕಟ್ಟುವ ಹವಳಗಳು. ಅವುಗಳ ಫಲವನ್ನು ಜೊಯಾಂಥಿಡ್‌ಗೆ ನೇರವಾಗಿ ಒಯ್ದರೆ ಹಳೆಯ ತಪ್ಪೇ ಮರುಕಳಿಸುತ್ತದೆ.

ಉಣಿಸುವ ಕೈಯ ಸುರಕ್ಷತೆಯೂ ಈಗ ಈ ವಿಷಯದ ಭಾಗವಾಗಿದೆ. ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವನ್ನು ಹವಾಯಿಯ ಪ್ಯಾಲಿಥೊವದಿಂದ ಬೇರ್ಪಡಿಸಿದ ವರದಿಯನ್ನು ಆರ್. ಇ. ಮೂರ್ ಮತ್ತು ಪಿ. ಜೆ. ಷೋಯರ್ ಪ್ರಕಟಿಸಿದ್ದು 1971ರಲ್ಲಿ. ಮಾರಾಟದ ಅಂಗಡಿ ಹಾಗೂ ಮನೆ ತೊಟ್ಟಿಗಳ ಮಾದರಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಪ್ಯಾಲಿಥೊವಗಳಲ್ಲಿ ಈ ವಿಷ ಅಪಾಯಕರ ಪ್ರಮಾಣದಲ್ಲಿ ಕಂಡುಬಂತು. 2012-2014ರ ನಡುವೆ ಅಲಾಸ್ಕದ ಅಂಗಡಿ ಮತ್ತು ಮನೆಗಳಲ್ಲಿ ಉಸಿರಿನ ಮೂಲಕ ವಿಷ ತಗುಲಿದ್ದೆಂದು ಶಂಕಿಸಲಾದ ಪ್ರಕರಣಗಳು 2015ರಲ್ಲಿ ದಾಖಲಾದವು. ಸಮೂಹ ಬೆಳೆದ ಕಲ್ಲನ್ನು ಬಿಸಿನೀರಿನಿಂದ ತೊಳೆಯುವುದು, ಕುದಿಸುವುದು ಅತಿ ಅಪಾಯದ ಕೆಲಸಗಳು. ಆಹಾರ ಕೊಡುವಾಗಲೂ ಕೈಗವಸು ಹಾಕಿಕೊಳ್ಳುವುದು, ಪಾಲಿಪ್‌ಗಳನ್ನು ಬೆರಳಿನಿಂದ ಮುಟ್ಟದೆ ಉದ್ದನೆಯ ಪಿಪೆಟ್ ಬಳಸುವುದು ಈಗ ಅಗತ್ಯ ಮುಂಜಾಗ್ರತೆಗಳೆಂದು ಪರಿಗಣಿತವಾಗಿವೆ.